ಲಿನಕ್ಸ್‌ನಲ್ಲಿ ಎನ್‌ವಿಡಿಯಾ ಕಾರ್ಡ್: ಯಾವ ಡ್ರೈವರ್ ಆರಿಸಿಕೊಳ್ಳಬೇಕು?

ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’ ಅಂತ ಒಂದು ಕಿಟಕಿ ಇದೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವವರು ಅದನ್ನು ತೆರೆದರೆ ಒಂದರ ಕೆಳಗೊಂದು ಹಲವು ಸಾಲು ಕಾಣುತ್ತವೆ. ಒಂದರಲ್ಲಿ 535 ಅಂತ ಇರುತ್ತದೆ, ಇನ್ನೊಂದರಲ್ಲಿ 580. ಅದೇ ನಂಬರಿನ ಪಕ್ಕದಲ್ಲಿ ಒಂದು ಕಡೆ ‘ಓಪನ್’, ಇನ್ನೊಂದು ಕಡೆ ‘ಸರ್ವರ್’. ಕೊನೆಯಲ್ಲೆಲ್ಲೋ ‘ನೂವೋ’. ಒಂದು ಸಾಲಿನ ತುದಿಗೆ ಮಾತ್ರ ‘ಟೆಸ್ಟೆಡ್’ ಎಂಬ ಪದ. ಪ್ರತಿ ಸಾಲಿನ ಮುಂದೆ ಒತ್ತಲು ಒಂದು ಪುಟ್ಟ ಬೊಟ್ಟು. ಯಾವುದನ್ನು ಒತ್ತಬೇಕು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಹತ್ತದ ಹಳೆಯ ಕಂಪ್ಯೂಟರ್ ಇರುವ ಎಷ್ಟೋ ಜನ ಮಿಂಟ್, ಉಬುಂಟು, ಫೆಡೋರಾದಂಥ ಲಿನಕ್ಸ್ ಹಾಕಿಕೊಂಡರು. ಗೊತ್ತಿರುವವರಿಗೆ ನಾನೂ ಹಾಕಿಕೊಟ್ಟಿದ್ದೇನೆ. ಆಮೇಲೆ ಅವರಿಂದ ಬರುವ ಫೋನ್‌ಗಳಲ್ಲಿ ಅರ್ಧಕ್ಕರ್ಧ ಗ್ರಾಫಿಕ್ಸ್ ಡ್ರೈವರ್, ಅಂದರೆ ಕಾರ್ಡನ್ನು ಓಡಿಸುವ ತಂತ್ರಾಂಶದ ಬಗ್ಗೆಯೇ. ಸ್ಕ್ರೀನ್ ಕಪ್ಪಾಗಿದೆ, ವಿಡಿಯೋ ತಡವರಿಸುತ್ತಿದೆ, ಲ್ಯಾಪ್‌ಟಾಪ್ ಬ್ಯಾಟರಿ ಎರಡು ಗಂಟೆಗೇ ಖಾಲಿ. ಹೆಚ್ಚಿನವರು ಆಗಲೇ ಮೂರು ಸಲ ಲಿನಕ್ಸನ್ನೇ ತೆಗೆದು ಹೊಸದಾಗಿ ಹಾಕಿರುತ್ತಾರೆ. ಅದರ ಅಗತ್ಯ ತೀರಾ ಅಪರೂಪ. ಸರಿಯಾದ ಡ್ರೈವರ್ ಯಾವುದು ಅಂತ ನಿಮ್ಮ ಕಾರ್ಡಿನ ವಯಸ್ಸೇ ಮುಕ್ಕಾಲು ಪಾಲು ಹೇಳಿಬಿಡುತ್ತದೆ. ಅದನ್ನು ನೋಡದೆ ‘ಲೇಟೆಸ್ಟ್ ಇರೋದನ್ನೇ ಹಾಕೋಣ’ ಅಂದಾಗಲೇ ತೊಂದರೆ ಶುರುವಾಗುವುದು.

ಏನೇನು ನೋಡಿ ಆರಿಸಬೇಕು

ಮೊದಲು ಕಾರ್ಡಿನ ತಲೆಮಾರು. ಟರ್ಮಿನಲ್ ತೆರೆಯಿರಿ. ಎಲ್, ಎಸ್, ಪಿ, ಸಿ, ಐ, ಈ ಐದು ಸಣ್ಣ ಅಕ್ಷರಗಳನ್ನು ಒಟ್ಟಿಗೆ ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ ಕೆ ಅಂತ ಬರೆದು ಎಂಟರ್ ಒತ್ತಿ. ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ‘ವಿಜಿಎ’ ಅಥವಾ ‘3ಡಿ ಕಂಟ್ರೋಲರ್’ ಎಂಬ ಸಾಲು ಹುಡುಕಿ. ಕಾರ್ಡಿನ ಹೆಸರು ಅಲ್ಲೇ ಇರುತ್ತದೆ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಅಂತ ಇದ್ದು, ಈಗ ಯಾವ ಡ್ರೈವರ್ ಓಡುತ್ತಿದೆ ಅಂತಲೂ ಗೊತ್ತಾಗುತ್ತದೆ. ಈ ಎರಡು ಸಾಲನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಎರಡನೆಯದು ನಿಮ್ಮ ಕೆಲಸ. ಬ್ರೌಸರ್, ಕನ್ನಡ ಟೈಪಿಂಗ್, ಸಿನಿಮಾ, ಲೆಕ್ಕಪತ್ರ ಇಷ್ಟೇ ಸಾಕು ಅನ್ನುವವರಿಗೆ ಬೇಕಾದ್ದೇ ಬೇರೆ. ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವವರು, ಮದುವೆ ವಿಡಿಯೋ ಎಡಿಟ್ ಮಾಡುವವರು, ಮೆಷಿನ್ ಲರ್ನಿಂಗ್ ಕಲಿಯುವ ವಿದ್ಯಾರ್ಥಿಗಳಿಗೆ ಬೇಕಾದ್ದೇ ಬೇರೆ. ‘ಕೂಡಾ’ (CUDA, ಇಂಥ ಭಾರಿ ಲೆಕ್ಕಗಳನ್ನು ಎನ್‌ವಿಡಿಯಾ ಕಾರ್ಡಿನ ಮೇಲೆ ಮಾಡಿಸುವ ಕಂಪನಿಯ ವ್ಯವಸ್ಥೆ) ಬೇಕೇ ಬೇಕು ಅಂದರೆ ಅಲ್ಲಿಗೆ ಚರ್ಚೆ ಮುಗಿಯಿತು. ಎನ್‌ವಿಡಿಯಾ ಕಂಪನಿಯ ಸ್ವಂತ ಡ್ರೈವರ್ ಬಿಟ್ಟರೆ ಬೇರೆ ದಾರಿ ಇಲ್ಲ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಅಪ್‌ಡೇಟ್ ಆದ ಮರುದಿನ ಏನಾಗುತ್ತದೆ? ಕರ್ನಲ್ ಒಳಗೇ ಇರುವ ಡ್ರೈವರ್ ಅದರ ಜೊತೆಯಲ್ಲೇ ಬೆಳೆಯುತ್ತದೆ. ಹೊರಗಿನಿಂದ ಬಂದದ್ದನ್ನು ಪ್ರತಿ ಸಲವೂ ಹೊಸ ಕರ್ನಲ್‌ಗೆ ಹೊಂದಿಸಬೇಕು. ಹೊಂದದ ದಿನವೇ ಕಪ್ಪು ಸ್ಕ್ರೀನ್.

ಲ್ಯಾಪ್‌ಟಾಪ್ ಆದರೆ ಬ್ಯಾಟರಿಯನ್ನೂ ನಿದ್ರೆಯಿಂದ ಏಳುವುದನ್ನೂ ನೋಡಬೇಕು. ಇನ್ನು ನಿಮ್ಮ ತಾಳ್ಮೆ. ತಿಂಗಳಿಗೊಮ್ಮೆ ಒಂದು ಗಂಟೆ ಟರ್ಮಿನಲ್ ಮುಂದೆ ಕೂರಲು ಅಡ್ಡಿಯಿಲ್ಲ ಅನ್ನುವವರಿಗೂ, ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಒಂದು ದಿನವೂ ನಿಲ್ಲಬಾರದು ಅನ್ನುವವರಿಗೂ ಒಂದೇ ಉತ್ತರ ಕೊಡಲಾಗದು.

ತಲೆಮಾರುಗಳ ಲೆಕ್ಕ

ನಮ್ಮಲ್ಲಿ ಜಾಸ್ತಿ ಕಾಣುವ ಕಾರ್ಡ್‌ಗಳನ್ನೇ ಹೇಳುತ್ತೇನೆ. ಜಿಟಿ 710, ಬಹುಪಾಲು ಜಿಟಿ 730, ಜಿಟಿಎಕ್ಸ್ 600 ಸಾಲು ಮತ್ತು 700 ಸಾಲಿನ ಹೆಚ್ಚಿನವು ಕೆಪ್ಲರ್ ತಲೆಮಾರು. ಇವಕ್ಕೆ ಕಂಪನಿ ಕೊಟ್ಟ ಕೊನೆಯ ಡ್ರೈವರ್ ಸರಣಿ 470. ಅದರ ಬೆಂಬಲ 2024ರಲ್ಲೇ ಮುಗಿದಿದೆ.

ಜಿಟಿಎಕ್ಸ್ 750, 900 ಸಾಲು, 10ರ ಸಾಲು, ಜಿಟಿ 1030, ಲ್ಯಾಪ್‌ಟಾಪ್‌ಗಳ ಎಂಎಕ್ಸ್ 110ರಿಂದ ಎಂಎಕ್ಸ್ 350ರವರೆಗಿನವು ಮ್ಯಾಕ್ಸ್‌ವೆಲ್ ಅಥವಾ ಪಾಸ್ಕಲ್. ಇವಕ್ಕೆ 580 ಕೊನೆಯ ಸರಣಿ. 590ರಿಂದ ಇವುಗಳನ್ನು ಕೈಬಿಟ್ಟಿದ್ದಾರೆ. 1050 ಟಿಐ ಇರುವವರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ದೊಡ್ಡ ನಂಬರ್ ನೋಡಿ 590 ಹಾಕಿದರೆ ಕಾರ್ಡನ್ನು ಅದು ಗುರುತಿಸುವುದೇ ಇಲ್ಲ.

2018ರಲ್ಲಿ ಬಂದ ಟ್ಯೂರಿಂಗ್‌ನಿಂದ ಈಚೆಗೆ, ಅಂದರೆ ಜಿಟಿಎಕ್ಸ್ 1650, 1660, ಆರ್‌ಟಿಎಕ್ಸ್ 20, 30, 40 ಸಾಲು ಮತ್ತು ಎಂಎಕ್ಸ್ 450 ಇದ್ದರೆ ಎಲ್ಲ ಬಾಗಿಲೂ ತೆರೆದಿವೆ. ಆರ್‌ಟಿಎಕ್ಸ್ 50 ಸಾಲಿಗೆ 570 ಅಥವಾ ಅದಕ್ಕಿಂತ ಹೊಸದು ಬೇಕು, ಅದೂ ‘ಓಪನ್’ ಅಂತ ಇರುವುದೇ ಆಗಬೇಕು.

ನೂವೋ: ಮೊದಲ ಗೇರ್‌ನ ಕಥೆ

ಲಿನಕ್ಸ್ ಹಾಕಿದ ತಕ್ಷಣ ಏನೂ ಮಾಡದೆ ಸ್ಕ್ರೀನ್ ಮೂಡಿತು ಅಂದರೆ ಸಾಮಾನ್ಯವಾಗಿ ಅದು ನೂವೋದ ಕೆಲಸ. ಕಂಪನಿ ಮಾಹಿತಿ ಕೊಡದೇ ಇದ್ದ ಕಾಲದಲ್ಲಿ, ಕಾರ್ಡ್ ಹೇಗೆ ವರ್ತಿಸುತ್ತದೆ ಅಂತ ಹೊರಗಿನಿಂದ ನೋಡಿ ನೋಡಿ ಬರೆದ ಡ್ರೈವರ್ ಇದು. 2010ರಲ್ಲಿ 2.6.33 ಕರ್ನಲ್ ಒಳಗೆ ಸೇರಿತು. ಆ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಇವತ್ತಿಗೂ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಮೊದಲ ಬೆಳಕು ಇದರಿಂದಲೇ ಬರುತ್ತದೆ.

ಆದರೆ ಒಂದು ದೊಡ್ಡ ತೊಡಕಿದೆ. ಕಾರ್ಡ್ ಆನ್ ಆದಾಗ ಚಿಪ್ ಕಡಿಮೆ ವೇಗದಲ್ಲಿರುತ್ತದೆ. ಕೆಲಸ ಹೆಚ್ಚಾದಂತೆ ಡ್ರೈವರ್ ಅದರ ವೇಗ ಏರಿಸಬೇಕು. ಜಿಟಿಎಕ್ಸ್ 900 ಮತ್ತು 10ರ ಸಾಲಿನಲ್ಲಿ ಈ ವೇಗ ಏರಿಸುವ ಫರ್ಮ್‌ವೇರ್‌ಗೆ (ಚಿಪ್ ಒಳಗೆ ಓಡುವ ತಂತ್ರಾಂಶಕ್ಕೆ) ಕಂಪನಿಯ ಡಿಜಿಟಲ್ ಸಹಿ ಇದ್ದರೆ ಮಾತ್ರ ಚಿಪ್ ಒಪ್ಪುತ್ತದೆ. ಆ ಸಹಿ ನೂವೋ ಬರೆಯುವವರ ಕೈಯಲ್ಲಿಲ್ಲ. ಹಾಗಾಗಿ ಕಾರ್ಡ್ ಎಷ್ಟೇ ಬಲಶಾಲಿಯಾಗಿರಲಿ, ಶಿರಾಡಿ ಘಾಟಿ ಹತ್ತುವ ಬಸ್ಸಿನ ಹಾಗೆ ಮೊದಲ ಗೇರ್‌ನಲ್ಲೇ ಓಡುತ್ತದೆ. ಘಾಟಿ ಮುಗಿದು ಸಪಾಟು ರಸ್ತೆ ಬಂದರೂ ಗೇರ್ ಬದಲಾಗುವುದಿಲ್ಲ.

ಇಲ್ಲೊಂದು ವಿಚಿತ್ರವಿದೆ ನೋಡಿ. ಅದಕ್ಕಿಂತ ಹಳೆಯ ಕೆಪ್ಲರ್ ಕಾರ್ಡ್‌ಗಳಲ್ಲಿ ಈ ಸಹಿಯ ಬೀಗ ಇಲ್ಲ. ಅಲ್ಲಿ ವೇಗವನ್ನು ಕೈಯಿಂದಲೇ ಏರಿಸಬಹುದು. 2018ರ ನಂತರದವುಗಳಲ್ಲಿ ಜಿಎಸ್‌ಪಿ ಅಂತ ಒಂದು ಪುಟ್ಟ ಪ್ರೊಸೆಸರ್ ಚಿಪ್ ಒಳಗೇ ಇದೆ. ವೇಗ, ವಿದ್ಯುತ್ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ, ನೂವೋ ಅದಕ್ಕೆ ಹೇಳಿದರೆ ಸಾಕು. 2024ರ ಜನವರಿಯಲ್ಲಿ ಬಂದ 6.7 ಕರ್ನಲ್‌ನಿಂದ ಈ ದಾರಿ ತೆರೆಯಿತು. ಅಂದರೆ ಅತಿ ಹಳೆಯದಕ್ಕೂ ಹೊಸದಕ್ಕೂ ನೂವೋ ಆದೀತು. ನಡುವಿನ ಒಂಬೈನೂರು, ಸಾವಿರದ ಸಾಲಿನವರಿಗೆ ಮಾತ್ರ ಅನ್ಯಾಯ.

ಹೊಸ ಕಾರ್ಡ್‌ಗಳಿಗೆ ನೂವೋ ಮೇಲೆ ಎನ್‌ವಿಕೆ ಎಂಬ ವಲ್ಕನ್ (ಆಟಗಳು ಚಿತ್ರ ಬಿಡಿಸಲು ಬಳಸುವ ವ್ಯವಸ್ಥೆ) ಡ್ರೈವರ್ ಕೂರುತ್ತದೆ. 2024ರ ಮೇನಲ್ಲಿ ಬಂದ ಮೆಸಾ (ಓಪನ್ ಗ್ರಾಫಿಕ್ಸ್ ಡ್ರೈವರ್‌ಗಳ ಕಟ್ಟು) 24.1ರಿಂದ ಅದು ಪ್ರಯೋಗದ ಹಂತ ದಾಟಿದೆ. ದಿನನಿತ್ಯದ ಕೆಲಸಕ್ಕೆ, ಚಿಕ್ಕಪುಟ್ಟ ಆಟಗಳಿಗೆ ಧಾರಾಳ ಸಾಕು. ಭಾರಿ ಆಟಗಳಲ್ಲಿ ಕಂಪನಿ ಡ್ರೈವರ್‌ನ ವೇಗ ಇನ್ನೂ ಬಂದಿಲ್ಲ. ಕೂಡಾ ಅಂತೂ ಇಲ್ಲ. ದೊಡ್ಡ ಲಾಭ ಏನೆಂದರೆ ಕರ್ನಲ್ ಅಪ್‌ಡೇಟ್‌ಗೆ ಹೆದರಬೇಕಿಲ್ಲ. ಡ್ರೈವರ್ ಅದರೊಳಗೇ ಇದೆ, ಅಲ್ವಾ?

ಕಂಪನಿಯ ಡ್ರೈವರ್, ಆದರೆ ನಿಮ್ಮ ಲಿನಕ್ಸ್‌ನ ಭಂಡಾರದಿಂದ

ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್, ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್, ಫೆಡೋರಾದಲ್ಲಿ ಆರ್‌ಪಿಎಂ ಫ್ಯೂಷನ್, ಡೆಬಿಯನ್‌ನಲ್ಲಿ ನಾನ್-ಫ್ರೀ ಭಂಡಾರ. ನಿಮ್ಮ ಲಿನಕ್ಸ್ ಹಂಚಿಕೆಯವರು ತಮ್ಮ ಕರ್ನಲ್ ಜೊತೆ ಹೊಂದಿಸಿ ಕೊಟ್ಟಿರುವುದು ಇಲ್ಲಿಂದಲೇ ಬರುತ್ತದೆ.

ಈಗ ‘ಓಪನ್’ ಎಂಬ ಪದದ ಗೊಂದಲ. 2022ರ ಮೇನಲ್ಲಿ ಕಂಪನಿ ತನ್ನ ಡ್ರೈವರ್‌ನ ಕರ್ನಲ್ ಭಾಗದ ಸೋರ್ಸ್ ಬಿಡುಗಡೆ ಮಾಡಿತು. ಆ ಭಾಗ ಇರುವ ಪ್ಯಾಕೇಜಿಗೆ ಓಪನ್ ಅಂತ ಹೆಸರು. ಇದು ನೂವೋ ಅಲ್ಲ. ವಲ್ಕನ್, ಓಪನ್‌ಜಿಎಲ್, ಕೂಡಾ ನೋಡಿಕೊಳ್ಳುವ ಮೇಲಿನ ಭಾಗದ ಸೋರ್ಸ್ ಓಪನ್ ಅಂತ ಇರುವುದರಲ್ಲೂ ಇಲ್ಲದ್ದರಲ್ಲೂ ಮುಚ್ಚಿದ್ದೇ. ಕರ್ನಲ್‌ಗೆ ಅಂಟಿಕೊಳ್ಳುವ ಕೆಳಗಿನ ಭಾಗ ಮಾತ್ರ ತೆರೆದಿದೆ. ಟ್ಯೂರಿಂಗ್ ಮತ್ತು ಈಚಿನ ಕಾರ್ಡ್‌ಗಳಲ್ಲಿ ಮಾತ್ರ ಇದು ಓಡುತ್ತದೆ. 1050 ಟಿಐಗೆ ಓಪನ್ ಹಾಕಿದರೆ ಸ್ಕ್ರೀನ್ ಬರುವುದಿಲ್ಲ. 1650ರಿಂದ ಮೇಲಿದ್ದರೆ ಕಣ್ಣುಮುಚ್ಚಿ ಓಪನ್ ಆರಿಸಿ, ಕಂಪನಿಯೂ ಅದನ್ನೇ ಶಿಫಾರಸು ಮಾಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಬೇಗ ಇಳಿಯುತ್ತಿದೆ ಅನಿಸಿದರೆ (ಆರ್‌ಟಿಎಕ್ಸ್ 50 ಸಾಲು ಬಿಟ್ಟು) ಅದೇ ನಂಬರಿನ ಮುಚ್ಚಿದ ಆವೃತ್ತಿಯನ್ನು ಒಂದು ವಾರ ಹಾಕಿ ನೋಡಿ. ‘ಸರ್ವರ್’ ಅಂತ ಇರುವುದು ಲೆಕ್ಕ ಮಾಡುವ ದೊಡ್ಡ ಯಂತ್ರಗಳಿಗಾಗಿ. ಮನೆಯ ಕಂಪ್ಯೂಟರ್‌ಗೆ ಬೇಡ.

ಸೆಕ್ಯೂರ್ ಬೂಟ್ (ನಂಬಿದ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಕಾವಲು) ಇರುವ ಕಂಪ್ಯೂಟರ್‌ಗಳಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ತಿಪಟೂರಿನಲ್ಲಿ ಸ್ಟುಡಿಯೋ ನಡೆಸುವ ಗೆಳೆಯರೊಬ್ಬರು ಡ್ರೈವರ್ ನಾಲ್ಕು ಸಲ ಹಾಕಿದ್ದರು, ನಾಲ್ಕು ಸಲವೂ ಕೆಲಸ ಮಾಡಿರಲಿಲ್ಲ. ಐದನೇ ಸಲ ನಾನು ಪಕ್ಕದಲ್ಲೇ ಕೂತೆ. ಡ್ರೈವರ್ ಹಾಕುವಾಗ ಅದು ಒಂದು ಪಾಸ್‌ವರ್ಡ್ ಕೇಳಿತು. ಏನೋ ಒಂದು ಕೊಟ್ಟರು. ರೀಸ್ಟಾರ್ಟ್ ಆಯಿತು. ಕಡು ನೀಲಿ ಸ್ಕ್ರೀನ್ ಮೇಲೆ ಇಂಗ್ಲಿಷ್‌ನಲ್ಲಿ ಒಂದು ಸಾಲು, ಯಾವುದಾದರೂ ಕೀ ಒತ್ತಿ ಅಂತ. ಪಕ್ಕದಲ್ಲಿ 10, 9, 8 ಅಂತ ಎಣಿಕೆ ಇಳಿಯುತ್ತಿತ್ತು. ಗೆಳೆಯರು ಎಂದಿನ ಹಾಗೆ ಟೀ ತರಲು ಎದ್ದರು. ‘ಕೂತ್ಕೊಳ್ಳಿ, ಒಂದು ಕೀ ಒತ್ತಿ’ ಅಂದೆ. ನಾಲ್ಕು ಸಲವೂ ಆ ಹತ್ತು ಸೆಕೆಂಡ್ ಅವರು ಅಲ್ಲಿರಲಿಲ್ಲ, ಅಷ್ಟೇ ಆಗಿದ್ದದ್ದು.

ಕೀ ಒತ್ತಿದರೆ ನಾಲ್ಕೈದು ಸಾಲಿನ ಪಟ್ಟಿ ಬರುತ್ತದೆ. ಮೊದಲ ಸಾಲು ‘ಕಂಟಿನ್ಯೂ ಬೂಟ್’. ಅದನ್ನು ಒತ್ತಬೇಡಿ. ಕೆಳಗಿನ ‘ಎನ್‌ರೋಲ್ ಮೊಕ್’ಗೆ ಇಳಿದು ಎಂಟರ್, ಮುಂದೆ ‘ಕಂಟಿನ್ಯೂ’, ಆಮೇಲೆ ‘ಯೆಸ್’. ಆಗ ಮುಂಚೆ ಕೊಟ್ಟ ಅದೇ ಪಾಸ್‌ವರ್ಡ್ ಕೇಳುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲೇ ತಯಾರಾದ ಡ್ರೈವರ್‌ನ ಸಹಿಯನ್ನು ನಂಬಬಹುದು ಅಂತ ನೀವು ಯಂತ್ರಕ್ಕೆ ಹೇಳುವ ಗಳಿಗೆ ಅದು. ತಪ್ಪಿಹೋದರೆ ಮೊಕ್‌ಯುಟಿಲ್ ಕಮಾಂಡ್‌ನ ಇಂಪೋರ್ಟ್ ಆಯ್ಕೆಯಿಂದ ಕೀಯನ್ನು ಮತ್ತೆ ಒಪ್ಪಿಸಿ ರೀಸ್ಟಾರ್ಟ್ ಮಾಡಬಹುದು. ಉಬುಂಟು ಹಲವು ಆವೃತ್ತಿಗಳಿಗೆ ತಾನೇ ಸಹಿ ಹಾಕಿದ ಡ್ರೈವರ್ ಕೊಡುತ್ತದೆ. ಅದು ಸಿಕ್ಕರೆ ಈ ನೀಲಿ ಸ್ಕ್ರೀನ್ ಬರುವುದೇ ಇಲ್ಲ.

ಫೆಡೋರಾದವರಿಗೆ ಬೇರೆ ಎಚ್ಚರಿಕೆ. ಅಲ್ಲಿ ಪ್ಯಾಕೇಜ್ ಇಳಿದ ಮೇಲೂ ಡ್ರೈವರ್ ಹಿಂದೆ ಸದ್ದಿಲ್ಲದೆ ತಯಾರಾಗುತ್ತಿರುತ್ತದೆ. ಐದು ನಿಮಿಷ ಬಿಟ್ಟು ರೀಸ್ಟಾರ್ಟ್ ಮಾಡಿ. ತಕ್ಷಣ ಮಾಡಿದರೆ ಅರ್ಧಕ್ಕೇ ನಿಂತುಹೋಗುತ್ತದೆ. ಡೆಬಿಯನ್ ಅಚಲವಾದದ್ದು, ಆದರೆ ಅದರ ಭಂಡಾರ ನಿಧಾನ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಇರುವುದು 550 ಸರಣಿ. ಆರ್‌ಟಿಎಕ್ಸ್ 50 ಕೊಂಡವರಿಗೆ ಅದು ಸಾಲದು.

ಫೆಡೋರಾ, ಉಬುಂಟುವಿನ ಹೊಸ ಆವೃತ್ತಿಗಳಲ್ಲಿ ಡೆಸ್ಕ್‌ಟಾಪ್ ವೇಲ್ಯಾಂಡ್ (ಕಿಟಕಿಗಳನ್ನು ಸ್ಕ್ರೀನ್ ಮೇಲೆ ಮೂಡಿಸುವ ಹೊಸ ವ್ಯವಸ್ಥೆ) ಮೇಲೆಯೇ ಓಡುತ್ತದೆ. ಕಿಟಕಿಗಳು ಮಿನುಗುತ್ತಿದ್ದರೆ, ಟೈಪ್ ಮಾಡಿದ ಅಕ್ಷರ ಹಿಂದೆ ಮುಂದೆ ಜಿಗಿದಂತೆ ಕಂಡರೆ ಡ್ರೈವರ್ ನಂಬರ್ ನೋಡಿ. 555ಕ್ಕಿಂತ ಹಳೆಯದಾದರೆ ಕಾರಣ ಅದೇ ಇರಬಹುದು. ಆ ಸರಣಿಯಿಂದ ಎಕ್ಸ್‌ಪ್ಲಿಸಿಟ್ ಸಿಂಕ್ ಬಂದು ಈ ತೊಂದರೆ ಬಹಳ ಮಟ್ಟಿಗೆ ಹೋಯಿತು.

ಹಳೆಯ 470 ಸರಣಿ

ಜಿಟಿ 710 ಇಟ್ಟುಕೊಂಡವರ ಮುಂದೆ ಎರಡೇ ದಾರಿ. ಒಂದು, ನೂವೋದಲ್ಲೇ ಇರುವುದು. ಇನ್ನೊಂದು, 470 ಇನ್ನೂ ಸಿಗುವ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿ ಹಾಕಿ, ಹಳೆಯ ಕರ್ನಲ್‌ನಲ್ಲೇ ನಿಲ್ಲುವುದು. ಬೆಂಬಲ ಮುಗಿದಿರುವುದರಿಂದ ಹೊಸ ಕರ್ನಲ್ ಬಂದಾಗಲೆಲ್ಲ ಅದು ಹೊಂದದೇ ಹೋಗುವ ಅಪಾಯ ಹೆಚ್ಚುತ್ತಲೇ ಇರುತ್ತದೆ. ವೇಲ್ಯಾಂಡ್‌ಗೆ ಬೇಕಾದ ಜಿಬಿಎಂ ಎಂಬ ಭಾಗ ಇದರಲ್ಲಿಲ್ಲ, 495ರಲ್ಲಿ ಬಂತು. ಹಾಗಾಗಿ ವೇಲ್ಯಾಂಡ್‌ಗಿಂತ ಹಳೆಯ ಎಕ್ಸ್ ವ್ಯವಸ್ಥೆಯ ಮೇಲೆ ಓಡುವ ಮಿಂಟ್ ಸಿನಮನ್ ಅಥವಾ ಎಕ್ಸ್‌ಎಫ್‌ಸಿಇ ಆರಿಸಿ. ನನ್ನ ಮಾತು ಕೇಳುವುದಾದರೆ, ಈ ಕಾರ್ಡ್‌ಗಾಗಿ ಇಷ್ಟು ಕಷ್ಟಪಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ವೆಬ್‌ಸೈಟ್‌ನಿಂದ ಇಳಿಸುವ ರನ್ ಫೈಲ್

ವಿಂಡೋಸ್‌ನಿಂದ ಬಂದವರು ಮೊದಲು ಮಾಡುವುದೇ ಇದು. ಕಂಪನಿಯ ವೆಬ್‌ಸೈಟ್‌ಗೆ ಹೋಗಿ ದೊಡ್ಡ ಫೈಲ್ ಇಳಿಸಿ ಓಡಿಸುವುದು. ಬೇಡ. ನಿಮ್ಮ ಲಿನಕ್ಸ್‌ನ ಪ್ಯಾಕೇಜ್ ವ್ಯವಸ್ಥೆಗೆ ಗೊತ್ತಿಲ್ಲದ ಹಾಗೆ ಅದು ಫೈಲುಗಳನ್ನು ಇಡುತ್ತದೆ. ಮುಂದೆ ಭಂಡಾರದ ಡ್ರೈವರ್ ಹಾಕಿದಾಗ ಎರಡೂ ಜಗಳವಾಡುತ್ತವೆ. ಈಗಾಗಲೇ ಹಾಕಿದ್ದರೆ ಅದೇ ಫೈಲನ್ನು ಅನ್‌ಇನ್‌ಸ್ಟಾಲ್ ಆಯ್ಕೆಯೊಂದಿಗೆ ಓಡಿಸಿ ತೆಗೆಯಿರಿ. ಆಮೇಲೆ ಬೇರೆ ಏನನ್ನಾದರೂ ಹಾಕಿ. ಅಳಿಸಿ ಶುದ್ಧ ಮಾಡದೆ ಮೇಲೊಂದು ಹಾಕಬೇಡಿ.

ಕಾರ್ಡನ್ನೇ ಬಿಟ್ಟುಬಿಡುವುದು

ಇದನ್ನು ಯಾರೂ ಒಂದು ಆಯ್ಕೆ ಅಂತ ಪರಿಗಣಿಸುವುದಿಲ್ಲ. ಆದರೆ ಬಹಳ ಜನರಿಗೆ ಅತ್ಯುತ್ತಮ ಆಯ್ಕೆ ಇದೇ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಹೆಚ್ಚಿನವುಗಳ ಒಳಗೇ ಗ್ರಾಫಿಕ್ಸ್ ಇದೆ. ಅದರ ಡ್ರೈವರ್ ಕರ್ನಲ್ ಮತ್ತು ಮೆಸಾದಲ್ಲಿ ಮೊದಲೇ ಇದೆ. ಏನನ್ನೂ ಹಾಕಬೇಕಿಲ್ಲ. ಕಚೇರಿ ಕೆಲಸ, ಕನ್ನಡ ಟೈಪಿಂಗ್, ಆನ್‌ಲೈನ್ ಪಾಠ, ಸಿನಿಮಾ ಎಲ್ಲಕ್ಕೂ ಸಾಕು. ಜಿಟಿ 710 ಕಳಚಿಟ್ಟು ಮಾನಿಟರ್ ಕೇಬಲನ್ನು ಮದರ್‌ಬೋರ್ಡ್‌ನ ಪೋರ್ಟ್‌ಗೆ ಸಿಕ್ಕಿಸಿದ ಮೇಲೆ ಮತ್ತೆ ಫೋನ್ ಮಾಡದ ಎಷ್ಟೋ ಜನ ನನಗೆ ಗೊತ್ತು. ಖರ್ಚು ಸೊನ್ನೆ.

ಕಳಚುವ ಮುಂಚೆ ಒಂದು ನೋಡಿ. ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಅಂತ ಇರುವ ಇಂಟೆಲ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಹಳೆಯ ರೈಜನ್‌ಗಳಲ್ಲಿ ಜಿ ಅಕ್ಷರ ಇದ್ದವಕ್ಕೆ ಮಾತ್ರ ಇರುತ್ತಿತ್ತು.

ಲ್ಯಾಪ್‌ಟಾಪ್‌ನವರಿಗೆ ಮಧ್ಯದ ದಾರಿಯೂ ಇದೆ. ಉಬುಂಟು, ಮಿಂಟ್‌ನಲ್ಲಿ ಪ್ರೈಮ್ ಎಂಬ ವ್ಯವಸ್ಥೆಯಿಂದ ಮೂರು ಬಗೆಯಲ್ಲಿ ಓಡಿಸಬಹುದು: ಬರೀ ಇಂಟೆಲ್, ಬರೀ ಎನ್‌ವಿಡಿಯಾ, ಅಥವಾ ‘ಆನ್-ಡಿಮಾಂಡ್’. ಕೊನೆಯದರಲ್ಲಿ ಸ್ಕ್ರೀನ್ ಇಂಟೆಲ್‌ನಿಂದ ಓಡುತ್ತದೆ, ಬೇಕಾದ ಒಂದು ಅಪ್ಲಿಕೇಷನ್ ಮಾತ್ರ ಎನ್‌ವಿಡಿಯಾದಲ್ಲಿ. ಗ್ನೋಮ್‌ನಲ್ಲಿ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿದರೆ ಆ ಆಯ್ಕೆ ಸಿಗುತ್ತದೆ. ಬ್ಯಾಟರಿಗೆ ಬರೀ ಇಂಟೆಲ್ ಒಳ್ಳೆಯದು ನಿಜ. ಆದರೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟಿನ ತಂತಿ ಎನ್‌ವಿಡಿಯಾ ಚಿಪ್‌ಗೇ ಹೋಗುತ್ತದೆ. ತರಗತಿಯಲ್ಲಿ ಪ್ರೊಜೆಕ್ಟರ್ ಹಚ್ಚುವ ಮೇಷ್ಟ್ರು ಬರೀ ಇಂಟೆಲ್ ಇಟ್ಟರೆ ಪ್ರೊಜೆಕ್ಟರ್ ಕಾಣುವುದೇ ಇಲ್ಲ. ಅವರಿಗೆ ಆನ್-ಡಿಮಾಂಡ್ ಸರಿ.

ಎಎಂಡಿ ಅಥವಾ ಇಂಟೆಲ್ ಕಾರ್ಡ್‌ಗೆ ಬದಲಾಗುವುದು

ಡೆಸ್ಕ್‌ಟಾಪ್ ಇದ್ದು, ಸ್ವಲ್ಪ ದುಡ್ಡೂ ಇದ್ದು, ಕೂಡಾ ಬೇಡ ಅಂದರೆ ಇದು ನನಗೆ ಅಚ್ಚುಮೆಚ್ಚು. ಎಎಂಡಿಯ ಎಎಂಡಿಜಿಪಿಯು ಡ್ರೈವರ್ 2015ರ 4.2 ಕರ್ನಲ್‌ನಿಂದಲೂ ಒಳಗೇ ಇದೆ. ವಲ್ಕನ್‌ಗೆ ಮೆಸಾದ ಆರ್‌ಎಡಿವಿ ಇದೆ. ಕಾರ್ಡ್ ಸಿಕ್ಕಿಸಿದರೆ ಮುಗಿಯಿತು, ನೀಲಿ ಸ್ಕ್ರೀನ್ ಇಲ್ಲ, ಸಹಿ ಇಲ್ಲ. ಆರ್‌ಎಕ್ಸ್ 570, 580ರಂಥ 2017ರ ಕಾರ್ಡ್‌ಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುತ್ತವೆ, ಇವತ್ತಿಗೂ ಚೆನ್ನಾಗಿ ಓಡುತ್ತವೆ.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಮೆಷಿನ್ ಲರ್ನಿಂಗ್‌ನಂಥ ಭಾರಿ ಲೆಕ್ಕದ ಕೆಲಸಕ್ಕೆ ಕೂಡಾದ ಜಾಗದಲ್ಲಿ ಎಎಂಡಿಯ ಆರ್‌ಒಸಿಎಂ ಬೇಕು, ಆರ್‌ಎಕ್ಸ್ 580ರಂಥ ಹಳೆಯವಕ್ಕೆ ಅದರ ಅಧಿಕೃತ ಬೆಂಬಲ ಇಲ್ಲ. ತೀರಾ ಹೊಸ ಕಾರ್ಡ್ ಕೊಂಡರೆ ಹಳೆಯ ಕರ್ನಲ್ ಅದನ್ನು ಗುರುತಿಸುವುದಿಲ್ಲ. 2025ರ ಮಾರ್ಚ್‌ನಲ್ಲಿ ಬಂದ ಆರ್‌ಎಕ್ಸ್ 9070ಕ್ಕೆ ಉಬುಂಟು 24.04ರ ಮೊದಲಿನ 6.8 ಕರ್ನಲ್ ಸಾಲದು, 6.14 ಕರ್ನಲ್ ಇರುವ 24.04.3 ಬೇಕು. ದೊಡ್ಡ ಟಿವಿಗೆ 4ಕೆ, 120 ಹರ್ಟ್ಸ್‌ನಲ್ಲಿ ಹಚ್ಚುವ ಆಸೆ ಇದ್ದರೆ ಇನ್ನೊಂದು ಅಡ್ಡಿ. ಎಎಂಡಿಯ ಓಪನ್ ಡ್ರೈವರ್‌ಗೆ ಎಚ್‌ಡಿಎಂಐ 2.1 ಸೇರಿಸಲು 2024ರಲ್ಲಿ ಎಚ್‌ಡಿಎಂಐ ಫೋರಮ್ ಒಪ್ಪಲಿಲ್ಲ. ಡಿಸ್‌ಪ್ಲೇಪೋರ್ಟ್ ಇರುವ ಮಾನಿಟರ್ ಆದರೆ ಈ ಚಿಂತೆ ಇಲ್ಲ.

ಇಂಟೆಲ್‌ನ ಆರ್ಕ್ ಕಾರ್ಡ್‌ಗಳೂ ಹೀಗೇ ತಾವಾಗಿ ಓಡುತ್ತವೆ. ಬಿ580ಗೆ 6.12 ಅಥವಾ ಅದಕ್ಕಿಂತ ಹೊಸ ಕರ್ನಲ್ ಇರಲಿ. ಮದರ್‌ಬೋರ್ಡ್‌ನಲ್ಲಿ ‘ರೀಸೈಜಬಲ್ ಬಾರ್’ ಎಂಬ ಸೌಲಭ್ಯ ಇಲ್ಲದಿದ್ದರೆ ವೇಗ ತುಂಬಾ ಇಳಿಯುತ್ತದೆ. ಹತ್ತು ವರ್ಷ ಹಳೆಯ ಕಂಪ್ಯೂಟರ್‌ಗೆ ಇದನ್ನು ಕೊಳ್ಳಬೇಡಿ.

ಡ್ರೈವರ್ ಬದಲಿಸುವ ಮುಂಚೆ

ಕಪ್ಪು ಸ್ಕ್ರೀನ್ ಕಂಡ ತಕ್ಷಣ ಡ್ರೈವರ್ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಮೊದಲು ಸಿಪಿಯು ಡಬ್ಬದ ಹಿಂದೆ ಬಗ್ಗಿ ನೋಡಿ. ಕಾರ್ಡ್ ಇದ್ದೂ ಕೇಬಲ್ ಮದರ್‌ಬೋರ್ಡ್ ಪೋರ್ಟ್‌ನಲ್ಲಿದ್ದರೆ ಎಷ್ಟೋ ಸಲ ಚಿತ್ರ ಬರುವುದಿಲ್ಲ. ಆಮೇಲೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಲಾಗಿನ್ ಕೇಳುವ ಅಕ್ಷರದ ಸ್ಕ್ರೀನ್ ಬಂದರೆ ಕಂಪ್ಯೂಟರ್ ಬದುಕಿದೆ, ಡೆಸ್ಕ್‌ಟಾಪ್ ಮಾತ್ರ ಎದ್ದಿಲ್ಲ ಅಂತ ಅರ್ಥ.

ಮುಂದಿನ ಪರೀಕ್ಷೆಯೇ ಎಲ್ಲಕ್ಕಿಂತ ಮುಖ್ಯ. ಆನ್ ಆಗುವಾಗ ಎಸ್ಕೇಪ್ ಅಥವಾ ಶಿಫ್ಟ್ ಒತ್ತಿ ಗ್ರಬ್ ಪಟ್ಟಿ (ಯಾವುದನ್ನು ಬೂಟ್ ಮಾಡಬೇಕು ಅಂತ ಕೇಳುವ ಪಟ್ಟಿ) ತನ್ನಿ. ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ ಆರಿಸಿ. ಅದರಲ್ಲಿ ಸರಿಯಾಗಿ ಎದ್ದರೆ ಡ್ರೈವರ್ ಆಯ್ಕೆ ತಪ್ಪಿಲ್ಲ, ಹೊಸ ಕರ್ನಲ್‌ಗೆ ಅದು ತಯಾರಾಗಿಲ್ಲ ಅಷ್ಟೇ. ಬಹಳ ಸಲ ಆ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ (ಡ್ರೈವರ್ ತಯಾರಾಗಲು ಬೇಕಾದ ಫೈಲುಗಳು) ಇಲ್ಲದಿರುವುದೇ ಕಾರಣ. ಡಿಕೆಎಂಎಸ್ ಸ್ಟೇಟಸ್ ಕಮಾಂಡ್ ಕೊಟ್ಟರೆ ಯಾವ ಕರ್ನಲ್‌ಗೆ ತಯಾರಾಗಿದೆ, ಯಾವುದಕ್ಕಿಲ್ಲ ಅಂತ ಕಾಣುತ್ತದೆ. ಡ್ರೈವರ್ ಲೋಡ್ ಮಾಡುವಾಗ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅಂತ ಬಂದರೆ ಅದು ಸೆಕ್ಯೂರ್ ಬೂಟ್‌ನ ಸಹಿ ಸಮಸ್ಯೆ. ಇವೆರಡಕ್ಕೂ ಲಿನಕ್ಸ್ ಮರುಸ್ಥಾಪನೆ ಮದ್ದಲ್ಲ.

ಯಾವ ಕರ್ನಲ್‌ನಲ್ಲೂ ಏಳದಿದ್ದರೆ ಗ್ರಬ್‌ನಲ್ಲಿ ಇ ಒತ್ತಿ, ‘ಲಿನಕ್ಸ್’ ಅಂತ ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಅಂತ ಒಂದೇ ಪದವಾಗಿ ಬರೆದು ಎಫ್10 ಒತ್ತಿ. ಸ್ಕ್ರೀನ್ ಬರುತ್ತದೆ, ಆದರೆ ಎಲ್ಲ ನಿಧಾನ. ಇದು ಗಾಯಕ್ಕೆ ಕಟ್ಟುವ ಬಟ್ಟೆ ಮಾತ್ರ, ಸರಿಯಾದ ಡ್ರೈವರ್ ಹಾಕಿದ ಮೇಲೆ ತೆಗೆದುಬಿಡಬೇಕು. ಕೆಲವರು ಅದನ್ನು ಶಾಶ್ವತವಾಗಿ ಬರೆದಿಟ್ಟು, ತಿಂಗಳುಗಟ್ಟಲೆ ಲಿನಕ್ಸ್ ಸ್ಲೋ ಅಂತ ಕೊರಗುತ್ತಾರೆ. ಗೊತ್ತಾಗಬೇಕೆಂದರೆ ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದಲ್ಲಿ ಗ್ರಾಫಿಕ್ಸ್ ಮುಂದೆ ಏನಿದೆ ನೋಡಿ. ಅಲ್ಲಿ ಕಾರ್ಡಿನ ಹೆಸರಿನ ಬದಲು ‘ಎಲ್‌ಎಲ್‌ವಿಎಂಪೈಪ್’ ಅಂತ ಇದ್ದರೆ ಕಾರ್ಡ್ ಸುಮ್ನೆ ಕೂತಿದೆ, ಚಿತ್ರವನ್ನೆಲ್ಲ ಪ್ರೊಸೆಸರ್ ಒಂದೇ ಬಿಡಿಸುತ್ತಿದೆ.

ಹಾಗಾದರೆ ನಿಮಗೆ ಯಾವುದು?

1650 ಅಥವಾ 3050 ಇರುವ ಲ್ಯಾಪ್‌ಟಾಪ್‌ನ ಇಂಜಿನಿಯರಿಂಗ್ ವಿದ್ಯಾರ್ಥಿ: ಉಬುಂಟು ಎಲ್‌ಟಿಎಸ್, ಓಪನ್ ಅಂತ ಇರುವ ಕಂಪನಿ ಡ್ರೈವರ್, ಆನ್-ಡಿಮಾಂಡ್. ಪರೀಕ್ಷೆ, ಪ್ರಾಜೆಕ್ಟ್ ಒಪ್ಪಿಸುವ ವಾರದಲ್ಲಿ ಕರ್ನಲ್ ಅಪ್‌ಡೇಟ್ ಮಾತ್ರ ಬೇಡ.

1050 ಟಿಐ, 1060 ಇರುವ ಮನೆ ಕಂಪ್ಯೂಟರ್: 580 ಸರಣಿ, ಮುಚ್ಚಿದ ಆವೃತ್ತಿ, ಎಲ್‌ಟಿಎಸ್ ಅಥವಾ ಮಿಂಟ್. ನೂವೋ ಬೇಡ, 590 ಬೇಡ. ಆರ್ಚ್‌ನಂಥ ಸದಾ ಹೊಸದಾಗುವ ಲಿನಕ್ಸ್ ಇದ್ದರೆ ನೀವೇ ಗಮನಿಸಿ 580ರಲ್ಲಿ ನಿಲ್ಲಬೇಕಾಗುತ್ತದೆ.

ಅಂಗಡಿ, ಗ್ರಂಥಾಲಯ, ಶಾಲೆಯ ಕಂಪ್ಯೂಟರ್: ಒಳಗಿನ ಗ್ರಾಫಿಕ್ಸ್ ಇದ್ದರೆ ಅದೇ. ಇಲ್ಲದಿದ್ದರೆ ಇರುವ ಕಾರ್ಡ್ ಮೇಲೆ ನೂವೋ. ವೇಗಕ್ಕಿಂತ ನಿಲ್ಲದಿರುವುದು ಮುಖ್ಯ.

ಬ್ಲೆಂಡರ್, ವಿಡಿಯೋ ಎಡಿಟಿಂಗ್‌ನಿಂದ ಹೊಟ್ಟೆಪಾಡು ನಡೆಯುವವರು: ಎನ್‌ವಿಡಿಯಾ, ಕಂಪನಿ ಡ್ರೈವರ್. ಜೊತೆಗೆ ಟೈಮ್‌ಶಿಫ್ಟ್ ಹಾಕಿ, ಪ್ರತಿ ಅಪ್‌ಡೇಟ್‌ಗೂ ಮುಂಚೆ ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಮದುವೆ ಸೀಸನ್ನಿನಲ್ಲಿ ಸ್ಕ್ರೀನ್ ಕಪ್ಪಾದರೂ ಹದಿನೈದು ನಿಮಿಷದಲ್ಲಿ ನಿನ್ನೆಯ ಸ್ಥಿತಿಗೆ ಮರಳಬಹುದು.

ಆಟ ಆಡುವ ಆಸೆ ಇದ್ದು ಬಜೆಟ್ ಕಡಿಮೆ ಇರುವವರು: ಸೆಕೆಂಡ್‌ಹ್ಯಾಂಡ್ ಎಎಂಡಿ. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗುವುದಾದರೆ ಜೇಬಿನಲ್ಲಿ ಮಿಂಟ್ ಅಥವಾ ಫೆಡೋರಾ ಹಾಕಿದ ಒಂದು ಪೆನ್‌ಡ್ರೈವ್ ಇರಲಿ. ಕಾರ್ಡ್ ಸಿಕ್ಕಿಸಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ತೋರಿಸಿ ಅಂತ ಅಂಗಡಿಯವರನ್ನು ಕೇಳಿ. ಅಬೌಟ್ ಪುಟದಲ್ಲಿ ಕಾರ್ಡಿನ ಹೆಸರು ಸರಿಯಾಗಿ ಬಂತಾ ನೋಡಿ. ಹತ್ತು ನಿಮಿಷ ವಿಡಿಯೋ ಓಡಲಿ, ಫ್ಯಾನ್ ತಿರುಗುತ್ತಿದೆಯಾ, ಸ್ಕ್ರೀನ್ ಮೇಲೆ ಚುಕ್ಕಿ ಗೆರೆ ಏನಾದರೂ ಕಾಣುತ್ತಿದೆಯಾ ಗಮನಿಸಿ. ಆಮೇಲೆ ದುಡ್ಡು ಕೊಡಿ.